ಹಿಂದಿರುಗಿ ಬಂದ ವೈದ್ಯೋಪಕರಣ

ಗಡಿಯಾರವು ತಪ್ಪು ಹೊತ್ತನ್ನು ತೋರಿದರೆ ಬಸ್ಸು ತಪ್ಪೀತು. ತಕ್ಕಡಿಯು ತಪ್ಪು ತೂಗಿದರೆ ನಾಲ್ಕು ಕಾಸು ನಷ್ಟವಾದೀತು. ರೋಗಿಯ ಬಳಿ ಇರುವ ಉಪಕರಣವು ತಪ್ಪಿದರೆ ಆಗುವ ಹಾನಿಯನ್ನು ಹೀಗೆ ಲೆಕ್ಕ ಹಾಕಲಾಗದು. ರಕ್ತದೊತ್ತಡವನ್ನು ಅಳೆಯುವ ಯಂತ್ರ, ರಕ್ತದಲ್ಲಿನ ಸಕ್ಕರೆಯನ್ನು ಅಳೆಯುವ ಗ್ಲೂಕೋಮೀಟರು, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಇವೆಲ್ಲ ಒಂದು ಕಾಲದಲ್ಲಿ ದೊಡ್ಡ ಆಸ್ಪತ್ರೆಗಳ ಸ್ವತ್ತಾಗಿದ್ದುವು. ಇಂದಾದರೋ ಮಂಡ್ಯದ ಪೇಟೆಯಲ್ಲಿ ಮಾತ್ರವಲ್ಲ, ಮದ್ದೂರು ಮಳವಳ್ಳಿ ತಾಲ್ಲೂಕುಗಳ ಹಳ್ಳಿಮನೆಗಳಲ್ಲಿಯೂ ಇವನ್ನು ಕಾಣಬಹುದು. ಮನೆಯ ಹಿರಿಯರು ಬೆಳಿಗ್ಗೆ ಎದ್ದು ಯಂತ್ರವು ತೋರಿದ ಅಂಕಿಯನ್ನು ನೋಡಿ ಗುಳಿಗೆಯ ಅಥವಾ ಇನ್‌ಸುಲಿನ್ನಿನ ಪ್ರಮಾಣವನ್ನು ನಿಶ್ಚಯಿಸಿಕೊಳ್ಳುವುದೂ ಉಂಟು. ಅಂದಮೇಲೆ ಆ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದು ಸಾಮಾನ್ಯ ಪ್ರಶ್ನೆಯಲ್ಲ.

ಇಂಥ ಉಪಕರಣವು ಕೆಟ್ಟಿತೆಂದೋ, ಸುಳ್ಳು ಅಂಕಿಯನ್ನು ತೋರಿತೆಂದೋ ಕೊಂಡವರು ಹಿಂದಿರುಗಿಸಿದರೆ ಮುಂದೇನಾಗುತ್ತದೆ? ಔಷಧದ ಅಂಗಡಿಯಿಂದ ವಿತರಕರಿಗೆ, ವಿತರಕರಿಂದ ತಯಾರಕರಿಗೆ ಸಾಗಿ ಅದು ಕಡೆಗೆ ಒಂದು ಮೇಜಿನ ಮೇಲೆ ಬಂದು ಕುಳಿತುಕೊಳ್ಳುತ್ತದೆ. ಆ ಮೇಜಿನ ಮುಂದೆ ಇರುವವರು ಬಹುಮಟ್ಟಿಗೆ ಆಗತಾನೆ ಕಾಲೇಜನ್ನು ಬಿಟ್ಟು ಬಂದ ತರುಣ ತರುಣಿಯರು. ಎಲೆಕ್ಟ್ರಾನಿಕ್ಸಿನಲ್ಲಿ ಡಿಪ್ಲೊಮಾ, ಬಯೋಮೆಡಿಕಲ್ ಎಂಜಿನಿಯರಿಂಗ್ ಅಥವಾ ಭೌತವಿಜ್ಞಾನದಲ್ಲಿ ಬಿ.ಎಸ್ಸಿ. ಪದವಿ ಪಡೆದವರು. ಹೊಸ ಯಂತ್ರಗಳನ್ನು ರಚಿಸುವ ಕನಸನ್ನು ಹೊತ್ತು ಬಂದವರ ಕೈಗೆ ಹಳೆಯ, ಒಡೆದ, ಕೊಳೆಯಾದ ಯಂತ್ರಗಳು ಸಿಕ್ಕಿದಾಗ ಮನಸ್ಸು ಕುಗ್ಗುವುದು ಸಹಜ. ಆದರೆ ವಿಜ್ಞಾನದ ವಿಧಾನವು ಇಷ್ಟು ನೇರವಾಗಿ ಪ್ರಾಣರಕ್ಷಣೆಗೆ ಒದಗುವ ಉದ್ಯೋಗಗಳು ಹೆಚ್ಚಿಲ್ಲ. ಅದು ಹೇಗೆಂಬುದನ್ನು ಇಲ್ಲಿ ವಿವೇಚಿಸೋಣ.

ಈ ಉದ್ಯೋಗವು ನಮ್ಮ ಸೀಮೆಗೆ ದೂರದ್ದೂ ಅಲ್ಲ. 2020ರಲ್ಲಿ ಕೋವಿಡ್ ವ್ಯಾಧಿಯು ಹಬ್ಬಿದಾಗ ಮೈಸೂರಿನ ಸ್ಕಾನ್‌ರೇ ಸಂಸ್ಥೆಯ ವಿನ್ಯಾಸವನ್ನು ಆಧರಿಸಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 30,000 ವೆಂಟಿಲೇಟರುಗಳನ್ನು ತಯಾರಿಸಿತು. ಈ ಎರಡು ನಗರಗಳ ನಡುವಣ ರೈಲುಹಾದಿಯಲ್ಲಿಯೇ ಮಂಡ್ಯ, ಮದ್ದೂರುಗಳಿವೆ. ಮಳವಳ್ಳಿಗೆ ರೈಲು ಇಲ್ಲದಿದ್ದರೂ ಬಸ್ಸಿನಲ್ಲಿ ಮದ್ದೂರಿಗೆ ಬಂದು ರೈಲು ಹಿಡಿಯಬಹುದು. ತಯಾರಿಕೆಯು ಎಲ್ಲಿದೆಯೋ ಅಲ್ಲಿ ಪರೀಕ್ಷಕರೂ ಬೇಕಾಗುತ್ತಾರೆ.

ರಿಪೇರಿಯಲ್ಲ, ಪರಿಶೀಲನೆ

ರಿಪೇರಿ ಮಾಡುವವನ ಗುರಿ ಯಂತ್ರವು ಮತ್ತೆ ನಡೆಯುವಂತೆ ಮಾಡುವುದು. ಪರಿಶೀಲಕನ ಗುರಿ ಅದು ಏಕೆ ನಡೆಯಲಿಲ್ಲವೆಂಬುದನ್ನು ತಿಳಿಯುವುದು. ಹೊರನೋಟಕ್ಕೆ ಎರಡೂ ಒಂದೇ ಎಂದು ತೋರಬಹುದು. ಆದರೆ ಒಂದು ಇನ್ನೊಂದಕ್ಕೆ ಶತ್ರುವಾಗುವ ಸಂದರ್ಭಗಳುಂಟು. ಬ್ಯಾಟರಿಯನ್ನು ಬದಲಾಯಿಸಿದ ಕೂಡಲೆ ಯಂತ್ರವು ನಡೆಯಿತೆನ್ನೋಣ. ರಿಪೇರಿಯವನ ಕೆಲಸ ಮುಗಿಯಿತು. ಹಳೆಯ ಬ್ಯಾಟರಿಯ ವೋಲ್ಟೇಜು ಎಷ್ಟಿತ್ತು, ಅದರ ತುದಿಗಳಲ್ಲಿ ಕಿಲುಬು ಇತ್ತೆ, ಸ್ಪ್ರಿಂಗು ಸಡಿಲವಾಗಿತ್ತೆ ಎಂಬ ಸಾಕ್ಷ್ಯವೆಲ್ಲ ಆ ಕ್ಷಣದಲ್ಲಿಯೇ ಅಳಿಸಿಹೋಯಿತು. ಸ್ಪ್ರಿಂಗಿನ ದೋಷವು ಅದೇ ವಾರ ತಯಾರಾದ ಸಾವಿರ ಯಂತ್ರಗಳಲ್ಲಿ ಇದ್ದರೆ ಅದನ್ನು ತಿಳಿಯುವ ದಾರಿಯೂ ಮುಚ್ಚಿಹೋಯಿತು.

ಆದುದರಿಂದ ಈ ಕೆಲಸಕ್ಕೆ ಒಂದು ಕ್ರಮವುಂಟು. ಬಂದ ವಸ್ತುವಿನಲ್ಲಿ ರೋಗಾಣುಗಳಿರಬಹುದೆಂದು ಮೊದಲೇ ಭಾವಿಸಬೇಕು. ರಕ್ತ ತಗುಲಿದ ನಳಿಕೆ, ಸೂಜಿಗಳು ಬರುವುದುಂಟು. ಕೈಗವಸಿಲ್ಲದೆ ಮುಟ್ಟುವಂತಿಲ್ಲ. ಸಾಕ್ಷ್ಯವು ಕೆಡದ ರೀತಿಯಲ್ಲಿ ಶುದ್ಧಿಗೊಳಿಸಿ, ದೂರಿನ ಸಂಖ್ಯೆ, ಯಂತ್ರದ ಕ್ರಮಸಂಖ್ಯೆ, ತಯಾರಾದ ತಂಡದ ಸಂಖ್ಯೆಗಳನ್ನು ಬರೆದುಕೊಂಡು, ಎಲ್ಲ ಮಗ್ಗುಲುಗಳ ಛಾಯಾಚಿತ್ರವನ್ನು ತೆಗೆಯಬೇಕು. ದೂರು ಕೊಟ್ಟವರ ಮಾತನ್ನು ಅವರು ಹೇಳಿದಂತೆಯೇ ಓದಬೇಕು. ಬಳಿಕ ಕಣ್ಣಿನ ಪರೀಕ್ಷೆ, ಯಂತ್ರದ ನೆನಪಿನಲ್ಲಿ ಉಳಿದಿರುವ ದಾಖಲೆಯ ಪರೀಕ್ಷೆ, ಅನಂತರ ಅದನ್ನು ನಡೆಸಿ ನೋಡುವ ಪರೀಕ್ಷೆ. ಬಿಚ್ಚಿ ನೋಡುವುದು, ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಇವು ಎಲ್ಲಕ್ಕೂ ಕಡೆಯವು. ಒಮ್ಮೆ ಬಿಚ್ಚಿದ ಯಂತ್ರವನ್ನು ಬಿಚ್ಚದ ಯಂತ್ರವಾಗಿ ಮಾಡಲು ಯಾರಿಂದಲೂ ಸಾಧ್ಯವಿಲ್ಲ.

“ದೋಷ ಕಂಡುಬರಲಿಲ್ಲ”

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಎಷ್ಟೋ ಯಂತ್ರಗಳು ಚೆನ್ನಾಗಿಯೇ ನಡೆಯುತ್ತವೆ. ಆಗ ವರದಿಯಲ್ಲಿ ಎರಡು ಪದಗಳನ್ನು ಬರೆದು ಕಡತವನ್ನು ಮುಚ್ಚುವ ಆಸೆಯು ಪ್ರಬಲವಾಗುತ್ತದೆ. ದಿನಕ್ಕೆ ಇಷ್ಟು ದೂರುಗಳನ್ನು ಮುಗಿಸಬೇಕೆಂಬ ಒತ್ತಾಯವೂ ಇರುತ್ತದೆ. ಆದರೆ “ದೋಷ ಕಂಡುಬರಲಿಲ್ಲ” ಎಂಬುದಕ್ಕೂ “ದೋಷವಿಲ್ಲ” ಎಂಬುದಕ್ಕೂ ಅಜಗಜಾಂತರವಿದೆ. ಸರಳ ಗಣಿತದಿಂದಲೇ ಇದನ್ನು ತಿಳಿಯಬಹುದು.

ಒಂದು ಯಂತ್ರವು ನೂರು ಸಲಕ್ಕೆ ಒಮ್ಮೆ ತಪ್ಪುತ್ತದೆಂದು ಇಟ್ಟುಕೊಳ್ಳೋಣ. ಒಂದು ಸಲ ಪರೀಕ್ಷಿಸಿದಾಗ ಅದು ಸರಿಯಾಗಿ ನಡೆಯುವ ಸಂಭವ 0.99. ಮೂವತ್ತು ಸಲವೂ ಸರಿಯಾಗಿಯೇ ನಡೆಯುವ ಸಂಭವವು 0.99ನ್ನು ಮೂವತ್ತು ಸಲ ಗುಣಿಸಿದಷ್ಟು, ಅಂದರೆ ಸುಮಾರು 0.74. ಎಂದರೆ ಪರಿಶೀಲಕನು ಬೇಸರಪಡದೆ ಮೂವತ್ತು ಸಲ ಪರೀಕ್ಷಿಸಿದರೂ ಆ ದೋಷವು ತಪ್ಪಿಸಿಕೊಳ್ಳುವ ಸಂಭವವು ನೂರಕ್ಕೆ 74! ಮುನ್ನೂರು ಸಲ ಪರೀಕ್ಷಿಸಿದರೂ ನೂರಕ್ಕೆ 5ರಷ್ಟು ಸಂಭವ ಉಳಿದೇ ಇರುತ್ತದೆ. ಮನೆಯಲ್ಲಿ ದಿನಕ್ಕೆ ಮೂರು ಸಲ ಉಪಯೋಗಿಸುವ ಯಂತ್ರವು ತಿಂಗಳಿಗೊಮ್ಮೆ ಸುಳ್ಳು ಹೇಳಿದರೆ, ಆ ಒಂದು ಸಲವನ್ನು ಕಂಡವನು ರೋಗಿ ಮಾತ್ರ. ಅವನ ಮಾತನ್ನು ಬಿಟ್ಟರೆ ಪರಿಶೀಲಕನಿಗೆ ಬೇರೆ ಸಾಕ್ಷಿಯಿಲ್ಲ.

ಇದನ್ನು ಮರೆತದ್ದರ ಫಲವೇನೆಂಬುದಕ್ಕೆ ಥೆರಾಕ್-25 ಎಂಬ ಯಂತ್ರದ ಕಥೆಯು ನಿದರ್ಶನ. ಕೆನಡಾ ದೇಶದ ಪರಮಾಣು ಶಕ್ತಿ ಸಂಸ್ಥೆಯು ಕ್ಯಾನ್ಸರ್ ಚಿಕಿತ್ಸೆಗಾಗಿ ತಯಾರಿಸಿದ ಈ ಯಂತ್ರವು ಎಲೆಕ್ಟ್ರಾನ್ ಕಿರಣವನ್ನು ನೇರವಾಗಿಯೂ ಕೊಡಬಲ್ಲದು. ಅದನ್ನು ಲೋಹದ ಗುರಿಗೆ ಬಡಿಸಿ ಎಕ್ಸ್ ಕಿರಣವನ್ನೂ ಕೊಡಬಲ್ಲದು. ಎರಡನೆಯದಕ್ಕೆ ಸುಮಾರು ನೂರು ಪಟ್ಟು ಹೆಚ್ಚಿನ ಎಲೆಕ್ಟ್ರಾನ್ ಪ್ರವಾಹ ಬೇಕು. ಆ ಪ್ರವಾಹವು ನಡುವೆ ಗುರಿಯಿಲ್ಲದೆ ರೋಗಿಯ ಮೇಲೆ ಬಿದ್ದರೆ ಅನಾಹುತ. 1985ರ ಜೂನ್‌ನಿಂದ 1987ರ ಜನವರಿಯವರೆಗೆ ಆರು ಮಂದಿ ರೋಗಿಗಳು ಈ ಯಂತ್ರದಿಂದ ಮಿತಿಮೀರಿದ ವಿಕಿರಣಕ್ಕೆ ಗುರಿಯಾದರು. ಅವರಲ್ಲಿ ಕೆಲವರು ಅದರಿಂದಲೇ ಮಡಿದರು.

1986ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದ ಟೈಲರ್ ಎಂಬ ಊರಿನ ಆಸ್ಪತ್ರೆಯಲ್ಲಿ ಒಬ್ಬ ರೋಗಿಯು ಮೈ ಸುಟ್ಟಿತೆಂದು ಕೂಗಿಕೊಂಡನು. ಯಂತ್ರದ ಪರದೆಯಲ್ಲಿ “ಮಾಲ್‌ಫಂಕ್ಷನ್ 54” ಎಂಬ ಬರಹ ಮಾತ್ರ ಮೂಡಿತ್ತು. ತಯಾರಕರ ಎಂಜಿನಿಯರುಗಳು ಬಂದು ಪರೀಕ್ಷಿಸಿದರು; ದೋಷವು ಕಂಡುಬರಲಿಲ್ಲ. ಏಪ್ರಿಲ್ 7ರಂದು ಯಂತ್ರವು ಮತ್ತೆ ಕೆಲಸಕ್ಕೆ ತೊಡಗಿತು. ನಾಲ್ಕೇ ದಿನಗಳಲ್ಲಿ, ಏಪ್ರಿಲ್ 11ರಂದು, ಇನ್ನೊಬ್ಬ ರೋಗಿಗೆ ಅದೇ ಗತಿಯಾಯಿತು.

ಆಗ ಆ ಆಸ್ಪತ್ರೆಯ ಭೌತವಿಜ್ಞಾನಿ ಫ್ರಿಟ್ಜ್ ಹೇಗರ್ ಎಂಬುವರು ಯಂತ್ರವನ್ನು ನಡೆಸುತ್ತಿದ್ದಾಕೆಯೊಡನೆ ಕುಳಿತು, ಆ ದಿನ ಆಕೆಯ ಬೆರಳುಗಳು ಏನೇನು ಮಾಡಿದ್ದುವೆಂಬುದನ್ನು ಒಂದೊಂದಾಗಿ ನೆನಪಿಸಿಕೊಂಡು ಮತ್ತೆ ಮತ್ತೆ ಮಾಡಿ ನೋಡಿದರು. ಆಕೆಯು ಎಲೆಕ್ಟ್ರಾನ್ ಎಂದು ಬರೆಯುವ ಕಡೆ ಎಕ್ಸ್ ಕಿರಣ ಎಂದು ಒತ್ತಿ, ಕೂಡಲೆ ತಿದ್ದಿದ್ದರು. ಯಂತ್ರದ ಆಯಸ್ಕಾಂತಗಳು ಸಿದ್ಧವಾಗಲು ಸುಮಾರು 8 ಸೆಕೆಂಡು ಹಿಡಿಯುತ್ತಿತ್ತು. ಆ ಅವಧಿಯೊಳಗೆ ಮಾಡಿದ ತಿದ್ದುಪಡಿಯನ್ನು ಗಣಕವು ಪೂರ್ತಿಯಾಗಿ ಗಮನಿಸುತ್ತಿರಲಿಲ್ಲ. ನುರಿತ ಕೈಯ ವೇಗವೇ ದೋಷವನ್ನು ಹೊರಗೆಡವಿತು. ಹೇಗರ್ ಈ ಸಂಗತಿಯನ್ನು ತಿಳಿಸಿದಾಗಲೂ ತಯಾರಕರಿಗೆ ಮೊದಲು ಅದು ಕಾಣಿಸಲಿಲ್ಲ. ಬೇಗಬೇಗನೆ ಒತ್ತಬೇಕೆಂದು ಹೇಳಿದ ಮೇಲೆಯೇ ಕಂಡಿತು. ಎಂಜಿನಿಯರುಗಳು ಯಂತ್ರವನ್ನು ಪರೀಕ್ಷಿಸಿದ್ದರು. ಹೇಗರ್ ಯಂತ್ರವನ್ನೂ ಅದನ್ನು ನಡೆಸುವ ಮನುಷ್ಯರನ್ನೂ ಒಟ್ಟಿಗೆ ಪರೀಕ್ಷಿಸಿದರು.

ಬೆಲ್ಲದ ಬೆರಳು

ಇಷ್ಟು ದೊಡ್ಡ ಯಂತ್ರದ ಮಾತು ಹಾಗಿರಲಿ. ಅಂಗೈಯಲ್ಲಿ ಹಿಡಿಯುವ ಗ್ಲೂಕೋಮೀಟರಿನಲ್ಲಿಯೂ ಇದೇ ತತ್ತ್ವವನ್ನು ಕಾಣಬಹುದು. ನಮ್ಮದು ಕಬ್ಬಿನ ಸೀಮೆ. ಮಂಡ್ಯದಲ್ಲಿ 1933ರಲ್ಲಿ ಸಕ್ಕರೆ ಕಾರ್ಖಾನೆಯು ಆರಂಭವಾಯಿತು. ಆಲೆಮನೆಗಳಂತೂ ಜಿಲ್ಲೆಯ ಉದ್ದಗಲಕ್ಕೂ ಇವೆ. ಆದುದರಿಂದ ಉದಾಹರಣೆಯನ್ನು ಆಲೆಮನೆಯಿಂದಲೇ ಕಲ್ಪಿಸಿಕೊಳ್ಳೋಣ.

ಮದ್ದೂರಿನ ಬಳಿಯ ಒಬ್ಬ ರೈತನು ತನ್ನ ಗ್ಲೂಕೋಮೀಟರು ಸುಳ್ಳು ಹೇಳುತ್ತಿದೆಯೆಂದು ಹಿಂದಿರುಗಿಸಿದನೆಂದು ಭಾವಿಸೋಣ. ಪರಿಶೀಲಕನು ಗ್ಲೂಕೋಸಿನ ಪ್ರಮಾಣ ಗೊತ್ತಿರುವ ದ್ರಾವಣವನ್ನು ಸ್ಟ್ರಿಪ್ಪಿಗೆ ಹಾಕಿ ಪರೀಕ್ಷಿಸುತ್ತಾನೆ, ಅಂಕಿಯು ಸರಿಯಾಗಿದೆ. 2013ರ ಅಂತರರಾಷ್ಟ್ರೀಯ ಮಾನಕದ ಪ್ರಕಾರ, ರಕ್ತದ ಗ್ಲೂಕೋಸು 100 ಮಿ.ಲೀ.ಗೆ 100 ಮಿ.ಗ್ರಾಂ. ಅಥವಾ ಅದಕ್ಕೆ ಮೇಲ್ಪಟ್ಟಿರುವಾಗ ನೂರರಲ್ಲಿ 95 ಅಳತೆಗಳು ನಿಜವಾದ ಬೆಲೆಯಿಂದ ಶೇಕಡಾ 15ರೊಳಗೆ ಇರಬೇಕು. ಈ ಯಂತ್ರವು ಆ ಮಿತಿಯೊಳಗೇ ಇದೆ. ಇಲ್ಲಿಗೆ ಕಡತವನ್ನು ಮುಚ್ಚಬಹುದು.

ಆದರೆ ವಿಚಾರಶೀಲನಾದ ಪರಿಶೀಲಕನು ಯಂತ್ರದ ನೆನಪನ್ನು ತೆರೆಯುತ್ತಾನೆ. ಬೆಳಗಿನ ಅಂಕಿಗಳೆಲ್ಲ 110ರ ಆಸುಪಾಸಿನಲ್ಲಿವೆ. ಒಂದು ಸಂಜೆ 4 ಗಂಟೆ 10 ನಿಮಿಷಕ್ಕೆ 246. ಅದೇ ಸಂಜೆ 4 ಗಂಟೆ 18 ನಿಮಿಷಕ್ಕೆ 128. ಎಂಟು ನಿಮಿಷಗಳಲ್ಲಿ ಶರೀರದ ಗ್ಲೂಕೋಸು ಇಷ್ಟೊಂದು ಇಳಿಯಲಾರದು. ಹಾಗಾದರೆ ಎರಡರಲ್ಲಿ ಒಂದು ಅಂಕಿಯು ರಕ್ತದ್ದಲ್ಲ. ರೈತನನ್ನು ವಿಚಾರಿಸಿದರೆ ತಿಳಿಯುವುದೇನು? ಆ ದಿನ ಅವನು ಆಲೆಮನೆಯಲ್ಲಿ ಬೆಲ್ಲವನ್ನು ಅಚ್ಚಿಗೆ ಹಾಕುತ್ತಿದ್ದನು. ಕೈಯನ್ನು ಪಂಚೆಗೆ ಒರೆಸಿಕೊಂಡು ರಕ್ತ ತೆಗೆದನು.

ಬೆರಳಿಗೆ ಅಂಟಿದ ಬೆಲ್ಲವು ಇಷ್ಟು ವ್ಯತ್ಯಾಸವನ್ನು ಮಾಡಬಲ್ಲುದೆ? ಲೆಕ್ಕ ಹಾಕೋಣ. 100 ಮಿ.ಲೀ. ರಕ್ತದಲ್ಲಿ 100 ಮಿ.ಗ್ರಾಂ. ಗ್ಲೂಕೋಸು ಎಂದರೆ ಒಂದು ಮಿ.ಲೀ.ನಲ್ಲಿ ಒಂದು ಮಿ.ಗ್ರಾಂ. ಬೆರಳಿನ ತುದಿಯಲ್ಲಿ ಮೂಡುವ ಹನಿಯು 5 ಮೈಕ್ರೋಲೀಟರು, ಅಂದರೆ ಮಿಲಿಲೀಟರಿನ ಇನ್ನೂರನೆಯ ಒಂದು ಪಾಲು, ಎಂದಿಟ್ಟುಕೊಂಡರೆ ಅದರಲ್ಲಿರುವ ಗ್ಲೂಕೋಸು 5 ಮೈಕ್ರೋಗ್ರಾಂ ಮಾತ್ರ. ಹೊರಗಿನಿಂದ ಇನ್ನೊಂದು 5 ಮೈಕ್ರೋಗ್ರಾಂ ಸೇರಿದರೆ ಅಂಕಿಯು ಇಮ್ಮಡಿಯಾಗುತ್ತದೆ. ಬೆಲ್ಲದ ಹೆಚ್ಚು ಭಾಗ ಸುಕ್ರೋಸು. ಸ್ಟ್ರಿಪ್ಪಿನಲ್ಲಿರುವ ಕಿಣ್ವವು ಅದನ್ನು ಗುರುತಿಸುವುದಿಲ್ಲ. ಆದರೆ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಸುಕ್ರೋಸಿನ ಸ್ವಲ್ಪ ಭಾಗವು ಒಡೆದು ಗ್ಲೂಕೋಸು ಮತ್ತು ಫ್ರಕ್ಟೋಸುಗಳಾಗುತ್ತದೆ. ಬೆಲ್ಲದಲ್ಲಿ ನೂರಕ್ಕೆ 4 ಪಾಲು ಗ್ಲೂಕೋಸು ಇದೆಯೆಂದು ಭಾವಿಸಿದರೆ 5 ಮೈಕ್ರೋಗ್ರಾಂ ಗ್ಲೂಕೋಸಿಗೆ ಬೇಕಾದ ಬೆಲ್ಲ 125 ಮೈಕ್ರೋಗ್ರಾಂ. ಒಂದು ರಾಗಿಯ ಕಾಳು ಸುಮಾರು 2.5 ಮಿ.ಗ್ರಾಂ. ತೂಗುತ್ತದೆ. ಅಂದರೆ ರಾಗಿಯ ಕಾಳಿನ ಇಪ್ಪತ್ತನೆಯ ಒಂದು ಪಾಲಿನಷ್ಟು ಬೆಲ್ಲವು 100ನ್ನು 200 ಮಾಡಬಲ್ಲುದು! ಅಷ್ಟು ಬೆಲ್ಲವು ಬೆರಳಿನ ಗೆರೆಗಳಲ್ಲಿ ಉಳಿದರೆ ಕಣ್ಣಿಗೆ ಕಾಣುವುದೂ ಕಷ್ಟ.

ಹಣ್ಣನ್ನು ಸುಲಿದ ಬೆರಳಿನಲ್ಲಿ ಹೀಗೆಯೇ ಆಗುವುದನ್ನು 2011ರಲ್ಲಿ ಜಪಾನಿನ ಸಂಶೋಧಕರು ಪ್ರಯೋಗದಿಂದ ತೋರಿಸಿದರು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೂ ಅಂಕಿಯು ಹೆಚ್ಚಾಗಿಯೇ ಬಂತು. ನಲ್ಲಿಯ ನೀರಿನಲ್ಲಿ ಕೈ ತೊಳೆದಾಗ ಮಾತ್ರ ಸರಿಹೋಯಿತು.

ಈಗ ತಪ್ಪು ಯಾರದು? ಯಂತ್ರವು ಸರಿ, ರೈತನ ದೂರೂ ಸರಿ. ರೈತನ ಅಜಾಗರೂಕತೆಯೆಂದು ಬರೆದು ಮುಗಿಸುವುದು ಸುಲಭ. ಆದರೆ ಕೈ ತೊಳೆದುಕೊಳ್ಳಬೇಕೆಂಬ ಸೂಚನೆಯು ಅವನಿಗೆ ಬಾರದ ಭಾಷೆಯಲ್ಲಿ, ಸಾಸಿವೆಗಾತ್ರದ ಅಕ್ಷರಗಳಲ್ಲಿ ಇದ್ದರೆ ಅದನ್ನು ದೋಷವೆನ್ನದೆ ಏನೆನ್ನಬೇಕು? 246 ಎಂಬ ಅಂಕಿಯನ್ನು ನಂಬಿ ಅವನು ಹೆಚ್ಚು ಇನ್‌ಸುಲಿನ್ ಚುಚ್ಚಿಕೊಂಡಿದ್ದರೆ ರಕ್ತದ ಸಕ್ಕರೆಯು ಹಠಾತ್ತನೆ ಕುಸಿದು ಪ್ರಜ್ಞೆ ತಪ್ಪುತ್ತಿತ್ತು. ಪ್ರಾಣಕ್ಕೂ ಸಂಚಕಾರ ಬರುತ್ತಿತ್ತು. ಪರಿಶೀಲಕನು ವರದಿಯಲ್ಲಿ ಎರಡು ಸಾಲು ಹೆಚ್ಚಾಗಿ ಬರೆದರೆ, ಮುಂದಿನ ಪೆಟ್ಟಿಗೆಗಳಲ್ಲಿ ಕೈ ತೊಳೆಯುವ ಚಿತ್ರವೂ ಕನ್ನಡದ ಸೂಚನೆಯೂ ಬಂದಾವು. ಆ ಎರಡು ಸಾಲುಗಳೇ ಈ ಉದ್ಯೋಗದ ಸಾರ.

ಹಿಂದಿರುಗದ ಉಪಕರಣಗಳು

ಇಷ್ಟೆಲ್ಲ ಆಗಬೇಕಾದರೆ ಯಂತ್ರವು ಮೊದಲು ಹಿಂದಿರುಗಬೇಕು. ನಮ್ಮಲ್ಲಿ ಆಗುವುದೇನು? ಕೆಟ್ಟ ಯಂತ್ರವು ಕಪಾಟಿನ ಮೂಲೆ ಸೇರುತ್ತದೆ. ಇಲ್ಲವೆ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬಿಚ್ಚಲ್ಪಡುತ್ತದೆ. ಅಂಗಡಿಯವನು ಸಜ್ಜನನಾದರೆ ಸದ್ದಿಲ್ಲದೆ ಬೇರೊಂದನ್ನು ಕೊಟ್ಟು ಕಳುಹಿಸುತ್ತಾನೆ. ಮೂರು ಬಗೆಯಲ್ಲಿಯೂ ಸುದ್ದಿಯು ತಯಾರಕರನ್ನು ಮುಟ್ಟುವುದಿಲ್ಲ. ಮಳವಳ್ಳಿಯ ಒಂದು ಮನೆಯಲ್ಲಿ ಕಂಡ ದೋಷವು ದೇಶದ ಸಾವಿರ ಮನೆಗಳಲ್ಲಿ ಇರಬಹುದು. ಆ ಒಂದು ದೂರು ಬಾರದಿದ್ದರೆ ಉಳಿದವರಿಗೆ ಎಚ್ಚರಿಕೆಯೂ ಇಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತಕ್ಕೆ ವೈದ್ಯೋಪಕರಣಗಳ ಬಗೆಗೆ ವರ್ಷಕ್ಕೆ 20 ಲಕ್ಷಕ್ಕೂ ಮೀರಿದ ವರದಿಗಳು ಬರುತ್ತವೆ. ಇದರಿಂದ ಅಲ್ಲಿಯ ಯಂತ್ರಗಳು ನಮ್ಮವಕ್ಕಿಂತ ಕೀಳೆಂದು ತಿಳಿಯಬಾರದು. ಅಲ್ಲಿ ವರದಿ ಮಾಡುವುದು ಕಾನೂನಿನ ಕಟ್ಟಳೆ ಮತ್ತು ರೂಢಿ.

ನಮ್ಮ ದೇಶದಲ್ಲಿಯೂ ವ್ಯವಸ್ಥೆಯು ಬೆಳೆಯುತ್ತಿದೆ. 2015ರ ಜುಲೈ 6ರಂದು ಮೆಟೀರಿಯೊವಿಜಿಲೆನ್ಸ್ ಎಂಬ ರಾಷ್ಟ್ರೀಯ ಕಾರ್ಯಕ್ರಮವು ಆರಂಭವಾಯಿತು. ಘಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗವು ಅದರ ಕೇಂದ್ರ. ಉಪಕರಣಗಳಿಂದಾದ ಅಹಿತಗಳ ವರದಿಗಳನ್ನು ಸಂಗ್ರಹಿಸಿ ಪರಿಶೀಲಿಸುವುದು ಇದರ ಉದ್ದೇಶ. 2017ರ ವೈದ್ಯಕೀಯ ಉಪಕರಣಗಳ ನಿಯಮಗಳು 2018ರ ಜನವರಿ 1ರಿಂದ ಜಾರಿಗೆ ಬಂದು, ಅಪಾಯದ ಪ್ರಮಾಣಕ್ಕೆ ತಕ್ಕಂತೆ ಉಪಕರಣಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದುವು. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯೋಪಕರಣಗಳೂ ಕಾನೂನಿನ ದೃಷ್ಟಿಯಲ್ಲಿ ಔಷಧಗಳ ಸಾಲಿಗೆ ಸೇರಿವೆ. ಸಾಮಾನ್ಯ ನಾಗರಿಕರೂ 1800-180-3024 ಎಂಬ ಸಂಖ್ಯೆಗೆ ಶುಲ್ಕವಿಲ್ಲದೆ ದೂರವಾಣಿ ಮಾಡಿ ವರದಿ ಕೊಡಬಹುದು.

ವಾಚಕರು ಮಾಡಬೇಕಾದುದು ಇಷ್ಟೆ. ಸಂಶಯ ಬಂದ ಯಂತ್ರದ ಅಂಕಿಯನ್ನು ನೆಚ್ಚಿ ಔಷಧವನ್ನು ಬದಲಾಯಿಸದೆ ವೈದ್ಯರಲ್ಲಿ ವಿಚಾರಿಸಿರಿ. ಯಂತ್ರವನ್ನು ಬಿಚ್ಚಬೇಡಿರಿ, ನೆನಪನ್ನು ಅಳಿಸಬೇಡಿರಿ. ಸ್ಟ್ರಿಪ್ಪುಗಳ ಡಬ್ಬಿ, ರಸೀದಿ, ಹೊದಿಕೆಗಳನ್ನು ಎಸೆಯದೆ ಜೊತೆಗಿಡಿರಿ. ತಪ್ಪು ಅಂಕಿಯು ಬಂದ ದಿನ, ಹೊತ್ತು, ಆಗ ಯಂತ್ರವು ಎಲ್ಲಿತ್ತು, ನೀವೇನು ಮಾಡುತ್ತಿದ್ದಿರಿ ಎಂಬುದನ್ನು ನಿಮ್ಮ ಮಾತಿನಲ್ಲಿಯೇ ಬರೆದಿಡಿರಿ. “ಯಂತ್ರ ಕೆಟ್ಟಿದೆ” ಎಂಬ ಎರಡು ಪದಗಳಿಗಿಂತ “ಬಿಸಿಲಿನಲ್ಲಿ ಗದ್ದೆಯಿಂದ ಬಂದು ನೋಡಿದಾಗ ಮಾತ್ರ ಹೀಗಾಗುತ್ತದೆ” ಎಂಬ ಒಂದು ವಾಕ್ಯವು ಪರಿಶೀಲಕನಿಗೆ ನೂರು ಪಾಲು ಉಪಕಾರಿ.

ಈ ಉದ್ಯೋಗಕ್ಕೆ ಸೇರಬಯಸುವ ನಮ್ಮ ಪದವೀಧರರಿಗೂ ಒಂದು ಮಾತು. ಪ್ರಯೋಗಶಾಲೆಯಲ್ಲಿ ವಾಚನವನ್ನು ಕಂಡಂತೆಯೇ ಬರೆಯಬೇಕು, ನಿರೀಕ್ಷಿಸಿದಂತೆ ಬರೆಯಬಾರದು ಎಂದು ಕಾಲೇಜಿನಲ್ಲಿ ಕಲಿತ ಪಾಠವೇ ಇಲ್ಲಿ ಮುಖ್ಯವಾದ ಬಂಡವಾಳ. ದೂರು ಕೊಟ್ಟವರು ಶಾಸ್ತ್ರವನ್ನು ಅರಿಯದವರಾಗಿರಬಹುದು. ಅವರ ವಿವರಣೆಯು ತಪ್ಪಾಗಿರಬಹುದು. ಆದರೆ ಅವರು ಕಂಡದ್ದು ಸುಳ್ಳೆಂದು ತಿಳಿಯಲು ಅದಷ್ಟೇ ಕಾರಣವಾಗದು. ಟೈಲರಿನ ಆಸ್ಪತ್ರೆಯಲ್ಲಿ ಮೈ ಸುಟ್ಟಿತೆಂದು ಕೂಗಿದ ರೋಗಿಗೆ ಎಲೆಕ್ಟ್ರಾನಿನ ವಿಷಯವೇನೂ ತಿಳಿದಿರಲಿಲ್ಲ. ಆದರೂ ಆ ಕೋಣೆಯಲ್ಲಿ ನಡೆದುದನ್ನು ಸರಿಯಾಗಿ ಹೇಳಿದವನು ಅವನೊಬ್ಬನೇ. ಅಂಥ ಮಾತನ್ನು ತಾಳ್ಮೆಯಿಂದ ಕೇಳಿ, ಅದರ ಕಾರಣವು ದೊರಕುವವರೆಗೆ ಕಡತವನ್ನು ಮುಚ್ಚದಿರುವ ಪರಿಶೀಲಕರು ನಮ್ಮ ಕಾಲೇಜುಗಳಿಂದ ಹೊರಬರಲೆಂದು ಹಾರೈಸೋಣ.